ಕೈಗೆಟುಕುವ ಚೊಂಬು

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಗಂಜಿ ಹಾಕಿದ ನೂಲನ್ನು ಬಿಸಿಲಿಗೆ ಕಟ್ಟಿದ್ದರು. ಹುಳಿತ ಗಂಜಿಯ ವಾಸನೆ ಆ ಬೀದಿಗೆ ಹೊಸದಲ್ಲ. ಮುನಿರತ್ನಮ್ಮ ಮೂಗಿಗೆ ಸೆರಗು ಒತ್ತಿಕೊಂಡದ್ದು ತನ್ನ ಮನೆಯ ಹಿತ್ತಿಲ ಕೋಣೆಯಿಂದ ಬರುತ್ತಿದ್ದ ಬೇರೊಂದು ವಾಸನೆಗೆ. ಅಲ್ಲಿ ಅಪ್ಪಲಮ್ಮ ಮಲಗಿದಲ್ಲೇ ಎಲ್ಲ ಮಾಡಿಕೊಳ್ಳುತ್ತ ಬಿದ್ದಿದ್ದಳು. ಬೆನ್ನಿನ ಹುಣ್ಣಿಗೆ ನೊಣ ಮುತ್ತುತ್ತಿದ್ದವು. ಅವಳ ಬಟ್ಟೆ ಬದಲಿಸಿ ಬಂದ ಮೇಲೆ ಮುನಿರತ್ನಮ್ಮನಿಗೆ ಅನ್ನ ಸೇರುತ್ತಿರಲಿಲ್ಲ. ಅಸಹ್ಯ ಅಂದರೆ ಅಸಹ್ಯವೇ, ಸುಳ್ಳು ಹೇಳಿ ಏನು ಪ್ರಯೋಜನ?

ಅಪ್ಪಲಮ್ಮ ಬರ್ಮಾದ ರಂಗೂನಿನ ಮೇಲೆ ಜಪಾನಿನವರ ಬಾಂಬು ಬಿದ್ದಾಗ ಕಾಡು ಬೆಟ್ಟ ದಾಟಿ ನಡೆದು ಬಂದ ತೆಲುಗು ಮುದುಕಿ. ಇಲ್ಲಿ ಮಗ್ಗಕ್ಕೆ ಸೇರಿದ್ದಾನೆಂದು ಕೇಳಿದ್ದ ತಮ್ಮನನ್ನು ಹುಡುಕಿ ಬಂದಿದ್ದಳು. ತಮ್ಮ ಸಿಗಲಿಲ್ಲ, ಈ ಕೋಣೆ ಸಿಕ್ಕಿತು. ಒಂದು ವರ್ಷ ನೂಲು ಸುತ್ತಿಕೊಟ್ಟಳು. ಹಾಗೆ ಸುತ್ತುತ್ತ ಒಂದು ದಿನ ಹೇಳಿದ್ದಳು: ಬೆಟ್ಟದ ದಾರಿಯಲ್ಲಿ ಗಂಡ ಕುಸಿದುಬಿದ್ದ, ಹಿಂದೆ ಜಪಾನಿನವರು, ಜೊತೆಯವರು ನಿಲ್ಲಲಿಲ್ಲ. ಇನ್ನೂ ಉಸಿರಾಡುತ್ತಿದ್ದವನ ಕೈಗೆಟುಕುವಂತೆ ಒಂದು ಚೊಂಬು ನೀರಿಟ್ಟು ನಾನೂ ನಡೆದುಬಿಟ್ಟೆ, ಎಂದು.

"ಥೂ! ಜೀವ ಇರೋ ಗಂಡನ್ನ ದಾರೀಲಿ ಬಿಟ್ಟು ಬಂದವ್ಳೆ. ಎಂಥಾ ಹೆಂಗಸಮ್ಮ!" ಎಂದು ಮುನಿರತ್ನಮ್ಮ ಬಾವಿಕಟ್ಟೆಯಲ್ಲಿ ಹೇಳಿದ್ದು ಬೀದಿಗೆಲ್ಲ ಹಬ್ಬಿತು. ಅಪ್ಪಲಮ್ಮ ಆಮೇಲೆ ಆ ಮಾತು ಎತ್ತಲೇ ಇಲ್ಲ.

ಈಗ ಮುನಿರತ್ನಮ್ಮನ ಗಂಡ ಪಾಪಯ್ಯ ಜೋಯಿಸರ ಮನೆಯಿಂದ ಬಂದವನು ಮಗ್ಗದ ಗುಂಡಿಗೆ ಇಳಿಯದೆ ನಿಂತೇ ಇದ್ದ.

"ಮಧ್ಯಾಹ್ನದಿಂದ ಧನಿಷ್ಠೆ ಕಣೇ. ಐದು ದಿನ ಕೆಟ್ಟ ನಕ್ಷತ್ರ. ಅಷ್ಟ್ರಲ್ಲಿ ಇವ್ಳು ಒಳಗೆ ಸತ್ರೆ ಆರು ತಿಂಗ್ಳು ಮನೆ ಮುಚ್ಚಬೇಕಂತೆ."

"ಹಿತ್ತಿಲ ಕೋಣೆ ಮಾತ್ರ ತಾನೇ?"

"ಸೂರು ಒಂದೇ ಅಲ್ವಾ? ನೆಲದಲ್ಲಿ ಹೂತಿರೋ ಮಗ್ಗ, ಕಿತ್ಕೊಂಡು ಎಲ್ಲಿಗೆ ಹೋಗ್ಲಿ? ಮನೆಮಂದಿಯೆಲ್ಲ ಉಣ್ಣೋದು ಇದ್ರಿಂದ್ಲೇ. ನಾನೇನು ಕಟುಕನಾ, ನೀನೇ ಹೇಳು."

ಅವನು ಕಟುಕನಲ್ಲ, ಮುನಿರತ್ನಮ್ಮನೂ ಅಲ್ಲ. ಆದರೆ ಆ ವಾಸನೆ ತೊಲಗುತ್ತದಲ್ಲ ಎಂದು ಅವಳ ಮನಸ್ಸು ಒಳಗೊಳಗೇ ಹಗುರಾಯಿತು.

ಊರಾಚೆ ಹುಣಸೇತೋಪಿನಲ್ಲಿದ್ದ ಮುರುಕು ಮಂಟಪಕ್ಕೆ ಸಾಗಿಸುವುದೆಂದಾಯಿತು. ಪಾಪಯ್ಯ ಮತ್ತು ಎದುರುಮನೆಯ ಪಿಳ್ಳಣ್ಣ ಚಾಪೆಯ ಎರಡು ತುದಿ ಹಿಡಿದರು. ಪಿಳ್ಳಣ್ಣ ಮೂಗಿಗೆ ಟವಲು ಬಿಗಿದಿದ್ದ. ಚಾಪೆಯಿಂದ ತೊಟ್ಟಿಕ್ಕಿದ್ದು ಕಾಲಿಗೆ ತಾಗಿದಾಗ, "ರಾಮ ರಾಮ, ಬೇಗ ನಡಿ ಗುರು" ಎಂದ. ಬಾಗಿಲಲ್ಲಿ ನಿಂತು ನೋಡಿದವರು ಬಾಗಿಲು ಹಾಕಿಕೊಂಡರು. ಬೀದಿಯ ಕೊನೆಯಲ್ಲಿ ಅಪ್ಪಲಮ್ಮ ಕಣ್ಣು ಬಿಟ್ಟಳು.

"ನಡುಸ್ತಾನು... ವದಿಲೇಯಕಂಡಿ..."

ನಡೀತೀನಿ, ಬಿಟ್ಟು ಹೋಗಬೇಡಿ, ಎಂದು ತೆಲುಗಿನಲ್ಲಿ ಬೇಡಿದಳು. ಪಾಪ, ಯಾವ ದಾರಿಯಲ್ಲಿದ್ದೇನೆಂದು ತಿಳಿದಿದ್ದಳೋ!

ಆಡಿನ ಹಿಕ್ಕೆ ಗುಡಿಸಿ ಅವಳನ್ನು ಮಂಟಪದಲ್ಲಿ ಮಲಗಿಸಿದರು. ಮುನಿರತ್ನಮ್ಮ ತಂದಿದ್ದ ಚೊಂಬು ನೀರನ್ನು ಮುದುಕಿಯ ಕೈಗೆಟುಕುವಂತೆ ಇಟ್ಟಳು. ಇಟ್ಟ ಕೈ ಹಿಂದಕ್ಕೆ ಬರುವಾಗ ಅವಳಿಗೆ ನೆನಪಾಯಿತು. ಅಪ್ಪಲಮ್ಮನ ಬೆನ್ನ ಹಿಂದೆ ಜಪಾನಿನವರಿದ್ದರು. ತನ್ನ ಬೆನ್ನ ಹಿಂದೆ ಯಾರಿದ್ದಾರೆ? ಜೋಯಿಸರ ಪಂಚಾಂಗ! ಕಂಬ ಹಿಡಿದು ವಾಂತಿ ಮಾಡಿಕೊಂಡಳು.

"ಆ ವಾಸ್ನೆಗೆ ಹಂಗಾಗುತ್ತೆ, ಬಾ," ಎಂದ ಪಾಪಯ್ಯ.

"ಅವಳ ವಾಸ್ನೆಗಲ್ಲ. ನನ್ನ ಕಂಡ್ರೆ ನಂಗೇ ಹೇಸಿಗೆ ಆಯ್ತು. ಚಾಪೆ ಹಿಡ್ಕೊಳ್ಳಿ, ಮನೆಗೆ ಹೋಗೋಣ."

"ಅಕ್ಕಯ್ಯಾ, ಆರು ತಿಂಗ್ಳು ಮಗ್ಗ ನಿಂತ್ರೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಳ್ತೀರಾ?" ಎಂದ ಪಿಳ್ಳಣ್ಣ.

"ನಿನ್ನ ಮನೇಲಿ ಒಂದು ಮಗ್ಗದ ಗುಂಡಿ ಖಾಲಿ ಬಿದ್ದಿದೆಯಲ್ಲ ಪಿಳ್ಳಣ್ಣ? ಆರು ತಿಂಗ್ಳು ನಮಗೆ ಬಿಟ್ಕೊಡು."

ಪಿಳ್ಳಣ್ಣ ತಲೆ ತಗ್ಗಿಸಿದ. ಪಾಪಯ್ಯನ ಮುಖ ನೋಡಿದ. ಆಮೇಲೆ ಮೂಗಿನ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಚಾಪೆಯ ತುದಿಗೆ ಬಗ್ಗಿದ. ಪಾಪಯ್ಯ ಇನ್ನೂ ಸ್ವಲ್ಪ ಹೊತ್ತು ಗೊಣಗಿದ, ಕೊನೆಗೆ ಅವನೂ ಬಗ್ಗಿದ.

ಈ ಸಲ ಅವಳನ್ನು ಹಿತ್ತಿಲ ಕೋಣೆಗೆ ಹಾಕಲಿಲ್ಲ, ಗಾಳಿ ಬೆಳಕು ಬರುವ ಮಗ್ಗದ ಪಡಸಾಲೆಯಲ್ಲಿ ಮಲಗಿಸಿದರು. ವಾಸನೆ ಹಾಗೆಯೇ ಇತ್ತು. ಮುನಿರತ್ನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಿನಕ್ಕೆ ಮೂರು ಸಲ ಹುಣ್ಣು ತೊಳೆದಳು. ಮೂರನೆಯ ದಿನ ಮಧ್ಯಾಹ್ನ ಅಪ್ಪಲಮ್ಮನಿಗೆ ಗೊರಕೆ ಉಸಿರು ಹತ್ತಿತು. ಮುನಿರತ್ನಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಚೊಂಬನ್ನು ತಾನೇ ಹಿಡಿದು, ತೊಟ್ಟು ತೊಟ್ಟಾಗಿ ನೀರು ಬಿಟ್ಟಳು.

ಮಣ್ಣು ಮಾಡಿ ಬಂದ ಪಾಪಯ್ಯ ಯಾರೂ ಹೇಳುವ ಮೊದಲೇ ತನ್ನ ಮನೆ ಬಾಗಿಲಿಗೆ, ಮುಚ್ಚಿದ ಗುರುತಿಗೆ, ಮುಳ್ಳಿನ ಕೊಂಬೆ ಅಡ್ಡ ಹಾಕಿದ.

ವಾರದ ಮೇಲೆ ಬಾವಿಕಟ್ಟೆಯಲ್ಲಿ ಅದೇ ಬೀದಿಯ ಸೊಣ್ಣಮ್ಮ ಕೇಳಿದಳು. "ಗಂಡನ್ನ ಬಿಟ್ಟು ಬಂದೋಳಿಗೋಸ್ಕರ ಇರೋ ಮನೆ ಬಿಟ್ರಾ, ಮುನಿರತ್ನಮ್ಮ?"

"ಆ ಮಾತು ಊರೆಲ್ಲ ಹಬ್ಬಿಸ್ದೋಳು ನಾನೇ ಕಣಮ್ಮ," ಎಂದಳು ಮುನಿರತ್ನಮ್ಮ, ಹಗ್ಗ ಸೇದುತ್ತ. "ನಾನೂ ಅವಳನ್ನ ಬಿಟ್ಟು ಬರೋಕೆ ಹೋಗಿದ್ದೆ. ನನ್ನನ್ನ ಯಾರೂ ಅಟ್ಟಿಸ್ಕೊಂಡು ಬರ್ತಿರ್ಲಿಲ್ಲ."

ಅವಳು ಕೊಡ ತುಂಬಿಕೊಂಡು ಪಿಳ್ಳಣ್ಣನ ಮನೆಯ ಕಡೆ ನಡೆದಳು.