ಸೊಪ್ಪು ಮೇಯುವ ಮಳೆ

ಸಹ್ಯಾದ್ರಿಯ ನಿತ್ಯಹರಿದ್ವರ್ಣ ಕಾನನವು ಇಳಿದಿಳಿದು, ಕಟ್ಟಕಡೆಗೆ ಕಡಲಿನ ಪಾದದ ಬಳಿಯೇ ಬಂದು ನಿಂತಿರುವ ತಾಣವದು! ಮರದಿಂದ ಮರಕ್ಕೆ ತೂಗುವ ಬಳ್ಳಿಗಳು, ಬೇರುಗಳ ನಡುವೆ ಓಡಾಡುವ ಏಡಿಗಳು, ಎಲೆಯ ತುದಿಯಲ್ಲಿ ಸಂಧ್ಯಾರಾಗವನ್ನು ಅರೆಕ್ಷಣ ಹಿಡಿದಿಟ್ಟು ಮರಳಿಗೆ ಜಾರುವ ಜಲಬಿಂದುಗಳು... ಆ ಮರಗಳ ಅಡಿಯಲ್ಲಿ ಏಳು ಡೇರೆಗಳು, ನಡುವೆ ಸೋಗೆ ಹೊದಿಸಿದ ಊಟದ ಚಪ್ಪರ. ರಸಿಕ ಓದುಗರೇ, ಇಂಥ ಸ್ವರ್ಗಕ್ಕೂ ಮನುಷ್ಯ ತನ್ನ ಸಣ್ಣತನವನ್ನು ಮೂಟೆ ಕಟ್ಟಿಕೊಂಡೇ ಬರುತ್ತಾನೆ. ನಮ್ಮ ನರೇಂದ್ರನೂ ಹಾಗೆಯೇ ಬಂದಿದ್ದ.

ಅವನದು ಶಿಡ್ಲಘಟ್ಟದ ಬಳಿಯ ದಿಬ್ಬೂರಹಳ್ಳಿ. ಕೆಲಸ ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ. ಮನೆಯಲ್ಲಿ ಅಜ್ಜನ ಕಾಲದಿಂದಲೂ ರೇಷ್ಮೆಹುಳು ಸಾಕಣೆ. ಮದುವೆಯಾದ ಎಂಟು ತಿಂಗಳಿಂದ ಆ ಹುಳುಮನೆ ಹೆಂಡತಿ ಮೌನಿಕಾಳ ಕೈಯಲ್ಲಿತ್ತು. ಒಂದು ಬೆಳೆ ಮುಗಿದು, ಮನೆ ತೊಳೆದು, ಮುಂದಿನ ಮರಿಹುಳು ಬರುವವರೆಗೆ ಸಿಕ್ಕಿದ ನಾಲ್ಕೇ ನಾಲ್ಕು ದಿನದ ಬಿಡುವಿನಲ್ಲಿ ಇಬ್ಬರೂ ಕಡಲು ನೋಡಲು ಬಂದಿದ್ದರು.

ಬಂದ ಮಧ್ಯಾಹ್ನವೇ ಡೇರೆಯ ಮೇಲೆ ಮಳೆ ಸುರಿಯತೊಡಗಿತು. ಮೌನಿಕಾ ಕಣ್ಣರಳಿಸಿ ಕುಳಿತಳು.

"ರೀ, ಕೇಳಿ! ನಾಲ್ಕನೇ ಜ್ವರ ಬಿಟ್ಟೆದ್ದ ಹುಳ ಸೊಪ್ಪು ತಿಂದಂಗೇ ಐತೆ!"

ಪೊರೆ ಕಳಚುವ ಮುನ್ನ ಹುಳುಗಳು ಮೇವು ಬಿಟ್ಟು ಮಲಗುವುದನ್ನೇ ಆ ಕಡೆಯವರು ಜ್ವರವೆನ್ನುವುದು. ನಾಲ್ಕನೆಯದು ಕಳೆದು ಎದ್ದವೆಂದರೆ ಹಸಿವೋ ಹಸಿವು. ಮನೆಯಿಡೀ ಸರಸರ ಸದ್ದು!

"ಮೆಲ್ಲಗೆ ಕಣೇ... ಪಕ್ಕದ ಟೆಂಟಿನೋರಿಗೆ ಕೇಳಿಸುತ್ತೆ," ಎಂದ ನರೇಂದ್ರ. ಪಕ್ಕದಲ್ಲಿದ್ದವರು ರಮೇಶ್‌ಬಾಬು ಎಂಬ ನಿವೃತ್ತ ಅಧಿಕಾರಿ. ಅವರೆದುರು ಈ ಮಹಾನುಭಾವ ತಾನು ಬೆಂಗಳೂರಿನವನೇ ಎಂದು ಹೇಳಿಕೊಂಡಿದ್ದ.

ಸಂಜೆ ಮಳೆ ನಿಂತಿತು. ಪ್ರಯಾಣದ ದಣಿವಿಗೆ ಚಪ್ಪರದ ಕಂಬಕ್ಕೊರಗಿದ್ದ ಮೌನಿಕಾಳಿಗೆ ಜೋಂಪು ಹತ್ತಿತ್ತು. ಅಡಿಗೆಯ ಎರ್ರಪ್ಪ ಸೊಳ್ಳೆಬತ್ತಿ ಹಚ್ಚಿ ಅಲ್ಲೇ ಇಟ್ಟ. ಹೊಗೆ ಮೂಗಿಗೆ ಬಡಿದದ್ದೇ ತಡ, ಅವಳು ದಡಬಡಿಸಿ ಎದ್ದು ಚೊಂಬಿನ ನೀರನ್ನು ಅದರ ಮೇಲೆ ಸುರಿದೇಬಿಟ್ಟಳು.

"ಯಾರ್ರೀ ಹಚ್ಚಿದ್ದು? ಹುಳ ಎಲ್ಲಾ ಸತ್ತೋಗ್ತವೆ!"

ಹುಳು ಸಾಕುವ ಮನೆಯಲ್ಲಿ ಸೊಳ್ಳೆಬತ್ತಿಯೆಂದರೆ ವಿಷ. ಸೊಳ್ಳೆಗಳಿಗೆ ಮೈಯೊಡ್ಡಿಯಾರು, ಆ ಹೊಗೆಯನ್ನು ಮಾತ್ರ ಹೊಸ್ತಿಲು ದಾಟಿಸರು! ಆದರೆ ಚಪ್ಪರದಲ್ಲಿದ್ದವರಿಗೆ ಇದೆಲ್ಲ ಏನು ತಿಳಿಯಬೇಕು? ಎಲ್ಲರೂ ಗೊಳ್ಳೆಂದು ನಕ್ಕರು.

"ಯಾವ ಹುಳಾನಮ್ಮ?" ಎಂದರು ರಮೇಶ್‌ಬಾಬು.

ನರೇಂದ್ರನ ಕಿವಿ ಬಿಸಿಯಾಯಿತು. "ಇವಳ ತವರಿನ ಕಡೆ ಏನೋ ಸಾಕ್ತಾರಂತೆ ಸಾರ್. ಹಳ್ಳಿಯವಳು... ನಮಗೆ ಅದೆಲ್ಲ ಗೊತ್ತಿಲ್ಲ," ಎಂದು ತಾನೂ ನಕ್ಕ.

ಮೌನಿಕಾ ಒಮ್ಮೆ ಗಂಡನನ್ನು ನೋಡಿದಳು. ಎರ್ರಪ್ಪನ ಕೈಯಿಂದ ಇನ್ನೊಂದು ಬತ್ತಿ, ಬೆಂಕಿಪೊಟ್ಟಣ ತೆಗೆದುಕೊಂಡಳು. ಜನ್ಮದಲ್ಲಿ ಎಂದೂ ಹಚ್ಚದಿದ್ದ ಅದನ್ನು ತಾನೇ ಹಚ್ಚಿಟ್ಟು, "ತಪ್ಪಾಯ್ತು ಸಾರ್," ಎಂದಳು. ಅಯ್ಯೋ, ಆ ಎರಡು ಮಾತು!

ಬೆಳಗ್ಗೆ ಸಮುದ್ರ ತಿಳಿಯಾಗಿತ್ತು. ಹಕ್ಕಿಗಳ ಕಲರವ ಕಾಡಿನಿಂದ ಹೊರಟು ಅಲೆಗಳ ಮೇಲೆ ಹರಡುತ್ತಿತ್ತು. ಅವಳು ನೀರಿನಂಚಿನಲ್ಲಿ ನಿಂತಿದ್ದಳು. ಬೈದಾದರೂ ಬೈಯಬಾರದೇ ಎಂದು ಅವನ ಜೀವ ಹಂಬಲಿಸಿತು.

"ಕೋಪಾನಾ ಮೌನಿ?"

"ನಾನು ನಿದ್ದೆಗಣ್ಣಲ್ಲಿ, ಎಲ್ಲಿದೀನಿ ಅಂತ ಮರೆತು ಅಂಗೆ ಮಾಡ್ದೆ. ನೀವು ಎಚ್ಚರವಾಗಿದ್ದೇ ನಮಗೆ ಗೊತ್ತಿಲ್ಲ ಅಂದ್ರಿ. ಅವು ನಿಮ್ಮನೆ ಹುಳ ಕಣ್ರೀ... ನಾನು ಬರೋಕ್ಕಿಂತ ಮುಂಚಿಂದಲೂ."

ಅಷ್ಟು ಹೇಳಿ ಅವಳು ನಡೆದುಬಿಟ್ಟಳು. ಲಜ್ಜೆ ಎಂದರೇನೆಂದು ಅವನಿಗೆ ಆಗ ತಿಳಿಯಿತು! ಸೊಪ್ಪು ಬಿಡಿಸಿ ಕಪ್ಪಾದ ಅವಳ ಬೆರಳುಗಳನ್ನು ನೆನೆದು ಅವನು ಮರಳಿನ ಮೇಲೆ ಕುಸಿದು ಕುಳಿತ. ತಾನು ಮುಚ್ಚಿಟ್ಟದ್ದು ಊರನ್ನಲ್ಲ, ಇವಳನ್ನು. ಇವಳು ಇನ್ನು ತನ್ನೆದುರು ಹುಳುವಿನ ಸುದ್ದಿಯೆತ್ತಿ ಹಾಗೆ ಕಣ್ಣರಳಿಸದೇ ಹೋದರೆ? ಆ ಭಯ ದಿನವಿಡೀ ಅವನನ್ನು ಹಿಂಡಿತು.

ಸಂಜೆ ಮತ್ತೆ ಮಳೆ ಹಿಡಿಯಿತು. ಎಲ್ಲರೂ ಚಪ್ಪರದಡಿ ಸೇರಿದರು. ಎರ್ರಪ್ಪ ಬತ್ತಿ ತಂದ. "ಏನಮ್ಮ, ಇವತ್ತು ಹಚ್ಚೋದಕ್ಕೆ ಅಪ್ಪಣೆ ಉಂಟಾ?" ಎಂದು ರಮೇಶ್‌ಬಾಬು ಚುಡಾಯಿಸಿದರು. ಮೌನಿಕಾ ತಲೆ ತಗ್ಗಿಸಿದಳು.

ನರೇಂದ್ರ ಎದ್ದು ನಿಂತ.

"ಸಾರ್, ನಿನ್ನೆ ನಾನು ಸುಳ್ಳು ಹೇಳ್ದೆ. ಆ ಹುಳ ನಮ್ಮನೇದು. ನಮ್ಮೂರು ದಿಬ್ಬೂರಹಳ್ಳಿ. ಹುಳದ ತಟ್ಟೆಗಳ ಪಕ್ಕದಲ್ಲೇ ಮಲಗಿ ಬೆಳೆದೋನು ನಾನು. ಈಗ ಅವುಗಳನ್ನ ಸಾಕ್ತಿರೋಳು ಇವಳು... ನಾಚಿಕೆಪಟ್ಟು ಇವಳನ್ನೇ ಬಿಟ್ಟುಕೊಟ್ಟೆ."

ಯಾರೂ ನಗಲಿಲ್ಲ. ಸೋಗೆಯ ಮೇಲೆ ಸರಸರ ಸುರಿಯುತ್ತಿದ್ದ ಮಳೆಯತ್ತ ನರೇಂದ್ರ ಬೆರಳು ತೋರಿಸಿದ.

"ಕಣ್ಮುಚ್ಚಿ ಕೇಳಿ ಸಾರ್. ಹುಳ ಸೊಪ್ಪು ತಿನ್ನೋ ಸದ್ದು ಹಿಂಗೇ ಇರುತ್ತೆ."

"ನಾಲ್ಕನೇ ಜ್ವರ ಬಿಟ್ಟ ಮೇಲೆ," ಎಂದು ತಿದ್ದಿದಳು ಮೌನಿಕಾ, ತಲೆ ಎತ್ತದೆಯೇ. "ನೆನ್ನೆ ನಾನೇ ಹೇಳಿದ್ದು. ಮೆಲ್ಲಗೆ ಅಂದ್ರಿ."

"ಇವತ್ತು ಜೋರಾಗಿ ಹೇಳು," ಎಂದ ಅವನು. ಅವಳು ಬೆಂಚಿನ ಮೇಲೆ ತುಸು ಸರಿದು, ಪಕ್ಕದಲ್ಲಿ ಅವನಿಗೆ ಜಾಗ ಬಿಟ್ಟಳು. ಅವನು ಬಂದು ಅವಳ ಹೆಗಲಿಗೆ ಹೆಗಲು ತಾಗಿಸಿ ಕುಳಿತ.

ಎರ್ರಪ್ಪ ಬತ್ತಿಯನ್ನು ಜೇಬಿಗೆ ಹಾಕಿಕೊಂಡ. ಆ ಸಂಜೆ ಅಷ್ಟು ಜನವೂ ಸೊಳ್ಳೆ ಕಚ್ಚಿಸಿಕೊಂಡೇ ಮಳೆಯನ್ನು ಕೇಳಿದರು. ಓದುಗರೇ, ಮನುಷ್ಯನ ಒಲವು ಎಷ್ಟು ಸುಲಭವಾಗಿ ನೋಯುತ್ತದೆ, ಎಷ್ಟು ಅಲ್ಪ ಜಾಗದಲ್ಲಿ ಮತ್ತೆ ಚಿಗುರುತ್ತದೆ! ನಾಚಿ ತಗ್ಗಿದ ತಲೆಗೆ ಆತುಕೊಳ್ಳಲೊಂದು ಹೆಗಲು ಸಿಕ್ಕರೆ, ಅದಕ್ಕಿಂತ ದೊಡ್ಡ ಕ್ಷಮೆ ಈ ಲೋಕದಲ್ಲಿ ಇನ್ನೇನಿದೆ...