ಕೊನೆಯ ಅಧ್ಯಾಯದಲ್ಲಿ ಹೆಣವಿಲ್ಲ

ಓದುಗರು ಅವಳನ್ನು ಹೆಣದಮ್ಮ ಎಂದೇ ಕರೆಯುತ್ತಿದ್ದರು. ಅವಳ ಕಾದಂಬರಿಗಳ ಮೊದಲ ಪುಟದಲ್ಲೇ ಯಾರದ್ದಾದರೂ ಕಥೆ ಮುಗಿದಿರುತ್ತಿತ್ತು. ಎರಡನೆಯ ಪುಟಕ್ಕೆ ಓದುಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮನೆಯಲ್ಲಿ ಮಾಡಿ ನೋಡದೆ ಅವಳು ಒಂದು ಕೊಲೆಯನ್ನೂ ಬರೆದವಳಲ್ಲ. ಹೆಣವಾಗುವ ಕೆಲಸ ತಮ್ಮನದು. ಬಡಗಿಯಾದ ಅವನು ಸಂಜೆ ಬಂದು, ಅಂಗಿಯ ಮೇಲಿನ ಮರದ ಪುಡಿ ಕೊಡವಿ, ಊಟದ ಮೇಜಿನ ಕೆಳಗೆ ಕೈಕಾಲು ಚಾಚಿ ಬೀಳುತ್ತಿದ್ದ.

“ಅಕ್ಕಾ, ಬೇಗ ಸಾಯಿಸು, ಹಸಿವಾಗ್ತಿದೆ.”

ಈ ಸಲದ ಪುಸ್ತಕಕ್ಕೆ ಅವನನ್ನು ಮಲಗಿಸಲಿಲ್ಲ. ಎರಡು ವರ್ಷದ ಹಿಂದೆ ಅವಳೇ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಸಾಯಲು ಹೊರಟದ್ದು, ತಮ್ಮ ಬಾಗಿಲು ಒಡೆದು ಎತ್ತಿಕೊಂಡು ಓಡಿದ್ದು, ಆಮೇಲೆ ಮಾನಸಿಕ ಆಸ್ಪತ್ರೆಯಲ್ಲಿ ಕಳೆದ ತಿಂಗಳುಗಳು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದಳು. ನೆಂಟರಿಗೆಲ್ಲ ತಮ್ಮ ಹೇಳಿದ್ದು, ಅಕ್ಕ ಜಾರಿ ಬಿದ್ದಳು ಅಂತ.

“ಬರಿ, ಬೇಡ ಅನ್ನಲ್ಲ. ಆದ್ರೆ ಕತೆ ಅಂತ ಬರಿ. ನಾಳೆ ಯಾರಾದ್ರೂ ನಿನ್ನ ನೋಡಿ ಪಿಸುಪಿಸು ಅಂದ್ರೆ, ನನ್ನ ಕೈಲಿ ಸುತ್ತಿಗೆ ಇರುತ್ತೆ, ನೆನಪಿರ್ಲಿ.”

“ಸುತ್ತಿಗೆ ಮೊಳೆಗೆ ಇಟ್ಕೊಳೋ. ನಿಜ ಅಂತಾನೇ ಬರೆಯೋದು.”

ಹಾಗೆಂದು ಎದೆ ಸೆಟೆಸಿದವಳಿಗೆ ಹಸ್ತಪ್ರತಿ ಕಳಿಸುವ ಹೊತ್ತಿಗೆ ಧೈರ್ಯ ಸಾಲಲಿಲ್ಲ. ‘ಇದು ನನ್ನದೇ ಬದುಕು’ ಎಂದು ಪ್ರಕಾಶಕನಿಗೆ ಒಂದು ಚೀಟಿ ಬರೆದು, ಅದನ್ನು ಹರಿದುಹಾಕಿದಳು. ಅವಳ ಕಾದಂಬರಿಗಳಲ್ಲೂ ಕಥೆ ಹೇಳುವ ಹೆಂಗಸು ‘ನಾನು’ ಎಂದೇ ಹೇಳುತ್ತಿದ್ದುದರಿಂದ ಪ್ರಕಾಶಕನಿಗೆ ಅನುಮಾನವೇ ಬರಲಿಲ್ಲ.

ಅವನು ಮಾತಾಡಲು ಕರೆದಾಗ ತಮ್ಮನೂ ಜೊತೆಗೆ ಬಂದ. ಪ್ರಕಾಶಕನ ಕಪಾಟಿನ ಬಾಗಿಲು ಜೋತುಬಿದ್ದಿತ್ತು. ಇವನು ಅದರ ಮುಂದೆ ಕೂತು ಸ್ಕ್ರೂ ಬಿಚ್ಚತೊಡಗಿದ.

“ಮೇಡಂ, ನಕ್ಕೂ ನಕ್ಕೂ ಸಾಕಾಯ್ತು. ಸಾಯೋಕೆ ಹೋದವಳು ಬಚ್ಚಲಲ್ಲಿ ಕೂತು, ‘ಇಂಥ ಪೆದ್ದು ಉಪಾಯ ನನ್ನ ಕಾದಂಬರೀಲಿದ್ರೆ ನಾನೇ ಹೊಡೆದುಹಾಕ್ತಿದ್ದೆ’ ಅಂತ ಬೈಕೋತಾಳಲ್ಲ! ಎಲ್ಲಿ ಹೊಳೆಯುತ್ತೆ ನಿಮಗೆ ಇದೆಲ್ಲ?”

“ಅಲ್ಲೇ ಹೊಳೀತು.”

“ಆದ್ರೆ ಕೊನೆ ಸಪ್ಪೆ. ಅವಳು ಬದುಕಿ, ಮಾತ್ರೆ ನುಂಗಿ, ಬಟ್ಟೆ ಒಣಗಹಾಕ್ತಾ ನಿಲ್ತಾಳೆ. ಹೆಣದಮ್ಮನ ಪುಸ್ತಕದಲ್ಲಿ ಹೆಣ ಇಲ್ಲ ಅಂದ್ರೆ ಓದುಗರು ನನ್ನ ಬಿಡ್ತಾರಾ? ಸಾಯಿಸಿಬಿಡಿ. ಆ ತಮ್ಮ ಬಾಗಿಲು ಒಡೆಯೋದು ಸ್ವಲ್ಪ ತಡ ಆಗ್ಲಿ, ಅಷ್ಟೇ.”

ಸ್ಕ್ರೂ ತಿರುಗುವ ಸದ್ದು ನಿಂತಿತು. ಅವಳು ಆ ಕಡೆ ತಿರುಗಲಿಲ್ಲ. ಹೂಂ ಎಂದುಬಿಟ್ಟರೆ ಇದು ಕಾದಂಬರಿ. ತಮ್ಮನ ಆಸೆಯೂ ಅದೇ. ಯಾರೂ ಪಿಸುಗುಟ್ಟುವುದಿಲ್ಲ. ಕೊನೆಯ ಅಧ್ಯಾಯ ಕೂತು ತಿದ್ದಿದರೆ ಒಂದು ದಿನದ ಕೆಲಸ. ‘ಆಗಲಿ’ ಎಂಬ ಮಾತು ನಾಲಿಗೆಯ ತುದಿಗೆ ಬಂತು.

“ತಡ ಆಗಲ್ಲ,” ಅಂದ ತಮ್ಮ.

“ನಿಮಗ್ಯಾಕ್ರೀ ಅದು? ಕಪಾಟು ನೋಡಿ.”

“ಆ ಬಾಗಿಲು ಮಾಡಿದವನೂ ನಾನೇ, ಒಡೆದವನೂ ನಾನೇ. ಗಟ್ಟಿ ಮರ, ಭುಜ ಇನ್ನೂ ನೋಯುತ್ತೆ. ಅಕ್ಕಾ, ಬಾಯಲ್ಲಿ ಏನಿಟ್ಕೊಂಡಿದೀಯ? ಹೇಳು!”

ಅವಳಿಗೆ ರೇಗಿತು. ತಮ್ಮನ ಮೇಲಲ್ಲ, ಹರಿದುಹಾಕಿದ ಚೀಟಿಯ ಮೇಲೆ.

“ಇದು ಕಾದಂಬರಿ ಅಲ್ಲ ರೀ. ಆ ಹೆಂಗಸು ನಾನು. ಬದುಕಿದೀನಿ. ಹಾಗೇ ಅಚ್ಚು ಹಾಕಿ, ಇಲ್ಲಾಂದ್ರೆ ವಾಪಸ್ ಕೊಡಿ.”

ಪ್ರಕಾಶಕ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದ.

“ಅಯ್ಯೋ, ನಾನು ನಕ್ಕುಬಿಟ್ಟೆನಲ್ಲ ಮೇಡಂ.”

“ನಗಲಿ ಅಂತಾನೇ ಬರೆದಿದ್ದು.”

“ಅಚ್ಚು ಹಾಕ್ತೀನಿ. ಆದ್ರೆ ಮುಖಪುಟಕ್ಕೆ ಚಾಕು ಬರೆಸಿಬಿಟ್ಟಿದೀನಿ.”

“ತೆಗೆಸಿ. ಬಾಗಿಲು ಬರೆಸಿ.”

“ಚಿಲಕ ಅರ್ಧ ಕಿತ್ತು ಬಂದಿರ್ಬೇಕು,” ಎಂದ ತಮ್ಮ, ಮತ್ತೆ ಸ್ಕ್ರೂ ತಿರುಗಿಸುತ್ತ. “ಚಿತ್ರ ಬರೆಯೋರಿಗೆ ನಾನೇ ಹೇಳ್ತೀನಿ.”

“ನೆಂಟರಿಗೆ ಏನು ಹೇಳ್ತೀಯೋ?”

“ದುಡ್ಡು ಕೊಟ್ಟು ಕೊಂಡು ಓದಿ ಅಂತೀನಿ.”