ಗುಂಡಿ ಚೆಲ್ಲಿದ ಮಧ್ಯಾಹ್ನ

ನಮ್ಮ ಅತ್ತಿಗೆ ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷೊಂದರಲ್ಲಿ ಫೇಲಾಗಿದ್ದರು. ಅದೇನು ಮಹಾ ಅಪರಾಧವಲ್ಲ. ಆ ಕಾಲಕ್ಕೆ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಜನ ಅದರಲ್ಲೇ ಮುಗ್ಗರಿಸಿದವರು. ಆದರೆ ಸಂಬಂಧ ಕುದುರಿಸುವಾಗ ಅವರಪ್ಪ ‘ಹುಡುಗಿ ಪಾಸು’ ಅಂದುಬಿಟ್ಟಿದ್ದರು. ಮದುವೆಯಾದ ವರ್ಷವೇ ಗುಟ್ಟು ರಟ್ಟಾಯಿತು. ಅಣ್ಣ ನಕ್ಕು ಸುಮ್ಮನಾದ. ಅಮ್ಮ ಸುಮ್ಮನಾಗಲಿಲ್ಲ. ಹಾಲು ಉಕ್ಕಲಿ, ಬೀಗದ ಕೈ ಕಳೆಯಲಿ, ಅವಳ ಬಾಯಲ್ಲಿ ಒಂದೇ ಮಾತು: “ಪಾಸಾದವರ ಮನೇಲಿ ಹೀಗೆಲ್ಲ ಆಗಲ್ಲಮ್ಮ.”

ಮುಂದುಗಡೆ ಅಂಗಡಿ, ಹಿಂದುಗಡೆ ಮನೆ. ದರ್ಜಿಗಳಿಗೆ ಬೇಕಾದ ಗುಂಡಿ, ದಾರ, ಜಿಪ್ಪು, ಕೊಕ್ಕೆ ಮಾರುತ್ತಿದ್ದೆವು. ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರುಗಳು. ಒಂದೊಂದರ ಮುಂದೂ ಒಳಗಿರುವ ಗುಂಡಿಯನ್ನೇ ಹೊಲಿದ ರಟ್ಟಿನ ತುಂಡು. ಮಧ್ಯಾಹ್ನ ಅಂಗಡಿ ಅರ್ಧ ಬಾಗಿಲು ಹಾಕುತ್ತಿತ್ತು. ಆ ತಂಪು ಹೊತ್ತಿನಲ್ಲಿ, ದಾರದ ಹೊಸ ವಾಸನೆಯ ನಡುವೆ, ಅತ್ತಿಗೆ ಒಂದು ದಿನ ನನ್ನ ಪಕ್ಕ ಬಂದು ಕೂತರು.

“ನಿನ್ನ ಕಾಲೇಜು ಪುಸ್ತಕ ಆಮೇಲೆ ಓದ್ಕೋ. ನಂಗೆ ಇಂಗ್ಲಿಷ್ ಹೇಳ್ಕೊಡ್ತೀಯೇನೇ? ಪರೀಕ್ಷೆ ಕಟ್ಟಿದ್ದೀನಿ.”

“ಅಮ್ಮಂಗೆ ಗೊತ್ತಾ?”

“ನಿಮ್ಮಣ್ಣಂಗೆ ಗೊತ್ತು. ಅತ್ತೆಗೆ ಹೇಳೋ ಧೈರ್ಯ ಇನ್ನೂ ಬಂದಿಲ್ಲ.”

ಧೈರ್ಯ ಬರುವ ತನಕ ಕಾಯಬೇಕಾಗಲಿಲ್ಲ. ನಮ್ಮ ಮನೆಯಲ್ಲಿ ಪಿಸುಮಾತಿಗೆ ಜಾಗವಿರಲಿಲ್ಲ. ಅಮ್ಮ ಮೂಗು ಮುರಿದಳು. “ಇಷ್ಟು ವರ್ಷಕ್ಕೆ ಪಾಸಾಗಿ ಯಾರನ್ನ ಉದ್ಧಾರ ಮಾಡ್ಬೇಕೋ” ಅಂದಳು. ಆದರೂ ಪಾಠದ ಹೊತ್ತಿಗೆ ಸರಿಯಾಗಿ, ಮಡಿಸಲು ಬಟ್ಟೆಯ ರಾಶಿ ಇಟ್ಟುಕೊಂಡು ಬಾಗಿಲ ಹತ್ತಿರವೇ ಕೂರತೊಡಗಿದಳು.

ಸಮಾನಾರ್ಥಕ ಪದಗಳ ಪಾಠ ಬಂತು. ಆವತ್ತಿನ ಕ್ರಿಯಾಪದ ‘ಸ್ಕ್ಯಾಟರ್’. ಅದರ ಬೆನ್ನಿಗೆ ಸ್ಪ್ರೆಡ್, ಸ್ಪ್ರಿಂಕಲ್, ಸ್ಟ್ರೂ, ಡಿಸ್ಪರ್ಸ್. ನಾನು ಎಲ್ಲಕ್ಕೂ ‘ಹರಡು’ ಅಂತ ಒಂದೇ ಅರ್ಥ ಬರೆಸಿದೆ.

ಅತ್ತಿಗೆ ಪೆನ್ನು ಕೆಳಗಿಟ್ಟರು. “ಎಲ್ಲ ಒಂದೇ ಆದ್ರೆ ಇಷ್ಟೊಂದು ಮಾತು ಯಾಕೆ ಮಾಡ್ಕೊಂಡ್ರು? ಬೇರೆ ಕೆಲಸ ಇರ್ಲಿಲ್ವಾ?”

ಬಾಗಿಲ ಹತ್ತಿರದಿಂದ ಅಮ್ಮನ ದನಿ ಬಂತು. “ಅದೆಂಗೆ ಒಂದೇ ಆಗತ್ತೆ? ಕೋಳಿಗೆ ಕಾಳು ಎರಚ್ತೀವಿ. ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸ್ತೀವಿ. ಒದ್ದೆ ಬಟ್ಟೆ ಹರವ್ತೀವಿ. ಗಾಳೀಲಿ ಹೊಟ್ಟು ತೂರ್ತೀವಿ. ಪೊಲೀಸಿನೋರು ಬಂದ್ರೆ ಜನ ಚದುರ್ತಾರೆ. ಎಲ್ಲದಕ್ಕೂ ಹರಡು ಅಂದ್ರೆ, ನಿನ್ನ ಕಾಲೇಜಿನ ಫೀಸು ದಂಡ.”

“ಹಾಗಾದ್ರೆ ಸ್ಕ್ಯಾಟರ್‌ಗೆ ಏನನ್ಬೇಕು ಅತ್ತೆ?”

“ನಂಗೇನು ಗೊತ್ತು? ಹೆಂಗಿರತ್ತೆ ಅದು? ಮಾಡಿ ತೋರ್ಸು.”

ಅತ್ತಿಗೆ ಅತ್ತ ಇತ್ತ ನೋಡಿದರು. ವಿಂಗಡಿಸಲು ತೆಗೆದಿಟ್ಟಿದ್ದ ಶರ್ಟಿನ ಗುಂಡಿಗಳ ತಟ್ಟೆ ಪಕ್ಕದಲ್ಲೇ ಇತ್ತು. ನಾಲ್ಕೈದು ತೆಗೆದು ತೋರಿಸಬೇಕು ಅಂತಲೇ ಅವರ ಮನಸ್ಸಿನಲ್ಲಿದ್ದದ್ದು. ಆದರೆ ಎದ್ದ ರಭಸಕ್ಕೆ ಸೆರಗು ತಟ್ಟೆಗೆ ಸಿಕ್ಕಿ, ತಟ್ಟೆ ಪಕ್ಕದಲ್ಲಿ ಹೊರಗೆಳೆದಿಟ್ಟಿದ್ದ ಡ್ರಾಯರಿಗೆ ಬಡಿದು, ಎರಡೂ ಒಟ್ಟಿಗೇ ಕವುಚಿಕೊಂಡವು. ಬಿಳಿ, ಕಪ್ಪು, ಕಂದು, ಮುತ್ತಿನ ಬಣ್ಣದವು, ಕೋಟಿನ ದಪ್ಪನೆಯವು, ಮಕ್ಕಳ ಉಡುಪಿನ ಬಾತುಕೋಳಿ ಆಕಾರದವು ಚೆಲ್ಲಾಪಿಲ್ಲಿಯಾಗಿ ಓಡಿದವು. ಕೆಲವು ಬೀರುವಿನ ಕೆಳಗೆ ನುಗ್ಗಿದವು, ಕೆಲವು ಹೊಸ್ತಿಲು ದಾಟಿ ಬೀದಿಗಿಳಿದವು. ಒಂದೊಂದು ನಿಂತಲ್ಲೇ ಗಿರಗಿರ ತಿರುಗಿ ಬಹಳ ಹೊತ್ತಿಗೆ ಮಲಗಿತು.

ಅತ್ತಿಗೆಯ ಮುಖ ಬಿಳಿಚಿತು. ‘ಪಾಸಾದವರ ಮನೇಲಿ...’ ಈಗ ಬರುತ್ತದೆ ಅಂತ ನಾನೂ ಅಮ್ಮನ ಕಡೆ ನೋಡಿದೆ.

ಅಮ್ಮ ನೆಲವನ್ನೇ ನೋಡಿದಳು. ಆಮೇಲೆ, “ಹೋ! ಇದಾ ಸ್ಕ್ಯಾಟರು?” ಅಂದಳು. “ಇದಕ್ಕೆ ಚೆಲ್ಲು ಅಂತಾರೆ ಕಣೇ. ಇಷ್ಟಕ್ಕೆ ಅಷ್ಟು ದೊಡ್ಡ ಪುಸ್ತಕವಾ?” ಅವಳ ಹೊಟ್ಟೆಯಿಂದ ನಗು ಉಕ್ಕಿತು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದು ನಾನು ಕೇಳಿರಲಿಲ್ಲ. ಬಾಗಿಲು ತಳ್ಳಿಕೊಂಡು ಬಂದ ಅಣ್ಣ ಗುಂಡಿಗಳ ಮೇಲೆ ಜಾರಿ, ಕಂಬ ಹಿಡಿದು ನಿಂತ. “ಏನಿದು?” ಅಂದ.

“ಇಂಗ್ಲಿಷು” ಅಂದಳು ಅಮ್ಮ.

ನಾಲ್ವರೂ ನೆಲಕ್ಕೆ ಕೂತು ಆರಿಸಿದೆವು. ಸಂಜೆ ಅಂಗಡಿ ತೆರೆದದ್ದು ತಡವಾಯಿತು. ನೂಲು ಕೇಳಿ ಬಂದ ದರ್ಜಿಯೂ ಹೊರಗೆ ಚಪ್ಪಲಿ ಬಿಟ್ಟು ಒಂದು ಹಿಡಿ ಆರಿಸಿಕೊಟ್ಟ.

ಅಲ್ಲಿಂದ ಅಮ್ಮನಿಗೆ ಆ ಮಾತಿನ ಚಟ ಹತ್ತಿತು. ಕಾಗೆಗಳನ್ನು ‘ಸ್ಕ್ಯಾಟರ್ ಮಾಡು’ ಅನ್ನುತ್ತಿದ್ದಳು. ಅಣ್ಣನ ಕೂದಲು ಸ್ಕ್ಯಾಟರ್ ಆಗಿದೆ, ನನ್ನ ಬುದ್ಧಿಯಂತೂ ಹುಟ್ಟಿದಾಗಿನಿಂದ ಸ್ಕ್ಯಾಟರೇ. ಒಂದು ದಿನ ಹಿಟ್ಟಿನ ಮೇಲೆ ನೀರು ಸ್ಕ್ಯಾಟರ್ ಮಾಡು ಅಂದಾಗ ಅತ್ತಿಗೆ ಮೆಲ್ಲಗೆ ತಿದ್ದಿದರು.

“ಅಲ್ಲಿ ಸ್ಪ್ರಿಂಕಲ್ ಬರತ್ತೆ ಅತ್ತೆ.”

“ನಿಂಗೇ ಗೊತ್ತಮ್ಮ. ನಾನು ಫೇಲಾದವಳು.”

ಅಮ್ಮ ಹಿಟ್ಟು ನಾದುತ್ತಲೇ ಇದ್ದಳು. ತಲೆಯೆತ್ತದೆ ಅಂದಳು: “ಫೇಲಾಗೋಕಾದ್ರೂ ಒಳಗೆ ಕೂರಿಸ್ಬೇಕಲ್ಲ. ನನ್ನನ್ನ ಸ್ಕೂಲಿನ ಹೊಸ್ತಿಲು ದಾಟೋಕೂ ಬಿಡ್ಲಿಲ್ಲ. ಚಿಕ್ಕ ತಮ್ಮನ್ನ ಎತ್ಕೊಂಡು ಹೊರಗೆ ನಿಂತಿರ್ತಿದ್ದೆ. ಒಳಗಿಂದ ಮಗ್ಗಿ ಕೇಳ್ತಿತ್ತು.”

ನಾನು ಅಮ್ಮನ ಮಗಳು. ನನಗೂ ಅದು ಗೊತ್ತಿರಲಿಲ್ಲ. ಅತ್ತಿಗೆ ಪಾತ್ರೆ ತಮ್ಮತ್ತ ಎಳೆದುಕೊಂಡು, “ನಿಮ್ಮ ಕೈ ನೋಯತ್ತೆ, ಕೊಡಿ” ಅಂದರು. ಅಂದಿನಿಂದ ಆ ಹಳೆಯ ಚುಚ್ಚುಮಾತು ನಮ್ಮ ಮನೆಯಲ್ಲಿ ಕೇಳಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಅಣ್ಣ ಸೈಕಲ್ ಒರೆಸಿ ನಿಲ್ಲಿಸಿದ್ದ. ಅಮ್ಮ ಸೆರಗು ಸಿಕ್ಕಿಸಿಕೊಂಡು, “ನೀನು ಅಂಗಡಿ ನೋಡ್ಕೋ. ನಾನು ಕರ್ಕೊಂಡು ಹೋಗ್ತೀನಿ” ಅಂದಳು. ನಾನೂ ಹೊರಟೆ. ಅತ್ತಿಗೆ ಪರೀಕ್ಷೆಯ ಶಾಲೆಯೊಳಗೆ ಹೋದ ಮೇಲೆ ಅಮ್ಮ ಕಾಂಪೌಂಡಿನ ಗೋಡೆಗೆ ಒರಗಿ, ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಕೂತಳು. ನೆರಳು ಸರಿದು ಬಿಸಿಲು ಬಂತು. ಎದುರಿನ ಟೀ ಅಂಗಡಿಗೆ ಹೋಗೋಣ ಅಂದರೆ ಕೇಳಲಿಲ್ಲ. “ಅವಳು ಕಿಟಕೀಲಿ ನೋಡಿದ್ರೆ ಕಾಣ್ಬೇಕು” ಅಂದಳು. ಕಿಟಕಿ ಇನ್ನೊಂದು ಪಕ್ಕಕ್ಕಿತ್ತು. ನಾನೂ ಅವಳ ಪಕ್ಕ ಕೂತೆ.

ಗಂಟೆ ಹೊಡೆಯಿತು. ಅತ್ತಿಗೆ ಸೋತ ಮುಖ ಹೊತ್ತು ಬಂದರು.

“ಸ್ಕ್ಯಾಟರ್ ಕೇಳ್ಲೇ ಇಲ್ಲ ಅತ್ತೆ. ಅದರ ನೆಂಟರಲ್ಲಿ ಒಂದೂ ಬರ್ಲಿಲ್ಲ.”

ಅಮ್ಮ ಕೆರಳಿದಳು. “ಗುಂಡಿಯೆಲ್ಲ ಚೆಲ್ಲಿ ಕಲಿತಿದ್ದೀವಿ, ಕೇಳ್ಲಿಲ್ಲ ಅಂದ್ರೆ? ಯಾವ ಪುಣ್ಯಾತ್ಮ ಪ್ರಶ್ನೆ ಬರೆದೋನು?” ಬಾಗಿಲಲ್ಲಿದ್ದ ಜವಾನನನ್ನೂ ತರಾಟೆಗೆ ತೆಗೆದುಕೊಂಡಳು. ಅವನು ನನಗೇನು ಗೊತ್ತಮ್ಮ ಅಂತ ಕೈಮುಗಿದ.

ಅತ್ತಿಗೆ ಪಾಸಾದರು, ಕೂದಲೆಳೆಯಲ್ಲಿ. ಮುಂದೆ ತರಬೇತಿ ಮುಗಿಸಿ ಶಿಶುವಿಹಾರದ ಟೀಚರಾದರು. ರೆಡಿಮೇಡ್ ಬಟ್ಟೆ ಬಂದು ದರ್ಜಿಗಳು ಕಡಿಮೆಯಾದ ಮೇಲೆ ಆ ಸಂಬಳದಲ್ಲೇ ಮನೆ ನಿಂತಿತು. ಅಮ್ಮ ಕೊನೆತನಕ ಸಿಕ್ಕಸಿಕ್ಕವರಿಗೆಲ್ಲ, “ನನ್ನ ಸೊಸೆ ಟೀಚರ್ರು” ಅನ್ನುತ್ತಿದ್ದಳು, ಕೇಳದಿದ್ದವರಿಗೂ.

ಈಗ ಅಂಗಡಿ ಇಲ್ಲ. ಅತ್ತಿಗೆಯೂ ನಿವೃತ್ತರಾದರು. ಹೋದ ತಿಂಗಳು ನೋಡಲು ಹೋಗಿದ್ದೆ. ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದಾಗ, ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

“ಅಮ್ಮ ಅಷ್ಟೆಲ್ಲ ಅಂದದ್ದು ಮರೆತುಬಿಟ್ರಾ ಅತ್ತಿಗೆ?”

“ಮರೀತೀನಾ? ಚೆನ್ನಾಗಿ ನೆನಪಿದೆ.” ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಆದ್ರೆ ಅದು ನೆನಪಾದಾಗೆಲ್ಲ ಅತ್ತೆ ಬಿಸಿಲಲ್ಲಿ ಬಾಟಲಿ ಹಿಡ್ಕೊಂಡು ಕೂತಿದ್ದು ಮುಂದೆ ಬಂದು ನಿಲ್ಲತ್ತೆ. ಕೋಪ ಮಾಡ್ಕೊಳೋಕೆ ಬಿಡೋದೇ ಇಲ್ಲ ನಿಮ್ಮಮ್ಮ.”

ಒಳಗಿನಿಂದ ಅಣ್ಣ ಟೀ ಆರುತ್ತಿದೆ ಅಂತ ಕೂಗಿದ. ಬಂದ್ವಿ ಅಂದೆವು, ಇಬ್ಬರೂ ಏಳಲಿಲ್ಲ.